ಖಾಲಿ ಕೋಣೆಯ ಬಾಗಿಲು ತೆರೆದಾಗ

ಹರೇಕಳ ಹಾಜಬ್ಬರ ವಿಷಯ ಗೊತ್ತಿಲ್ಲದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಮಂಗಳೂರಿನ ಪೇಟೆಯಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದವರು. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಕ್ರಯ ಕೇಳಿದಾಗ ಉತ್ತರ ಕೊಡಲಾಗದೆ ನಾಚಿದವರು. ಈ ಸಂಕಟ ತನ್ನೂರಿನ ಮಕ್ಕಳಿಗೆ ಬರಬಾರದು ಎಂದು ಶಾಲೆಗಾಗಿ ವರ್ಷಗಟ್ಟಲೆ ಓಡಾಡಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಅವರು ಬರಿಗಾಲಲ್ಲೇ ಹೋಗಿ ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದ್ದನ್ನು ನಾವೆಲ್ಲ ನೋಡಿ ಹೆಮ್ಮೆ ಪಟ್ಟಿದ್ದೇವೆ.

ಆದರೆ ಕಿತ್ತಳೆ ಬುಟ್ಟಿಗೂ ಪದ್ಮಶ್ರೀಗೂ ನಡುವೆ ಒಂದು ಸಣ್ಣ ಸಂಗತಿ ಉಂಟು. ಅದನ್ನು ನಾವು ಬೇಗ ಮರೆತುಬಿಡುತ್ತೇವೆ. ನ್ಯೂಪಡ್ಪುವಿನ ಆ ಶಾಲೆ ಶುರುವಾದದ್ದು ಸ್ವಂತ ಕಟ್ಟಡದಲ್ಲಿ ಅಲ್ಲ. 2000ದ ಆಸುಪಾಸಿನಲ್ಲಿ 28 ಮಕ್ಕಳು ಮೊದಲು ಕೂತು ಕಲಿತದ್ದು ಅಲ್ಲಿನ ಮಸೀದಿಯ ಮದ್ರಸದಲ್ಲಿ.

ಮದ್ರಸದಲ್ಲಿ ಕಲಿಸುವ ನಮಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಬೆಳಗ್ಗೆ ಪಾಠ ಮುಗಿಸಿ ಮಕ್ಕಳು ಶಾಲೆಯ ಬಸ್ಸಿಗೆ ಓಡಿದರೆಂದರೆ ಕೋಣೆಗೆ ಬೀಗ ಬೀಳುತ್ತದೆ. ಬೆಂಚು, ಬೋರ್ಡು, ಫ್ಯಾನು ಎಲ್ಲ ಸಂಜೆಯವರೆಗೆ ಸುಮ್ಮನೆ. ಆ ಬೀಗ ತೆರೆದು ‘ಇಲ್ಲೇ ಕೂರಿಸಿ ಮಾರಾಯ್ರೆ’ ಎಂದು ಬಿಟ್ಟುಕೊಡಲು ಲಕ್ಷಗಟ್ಟಲೆ ಹಣ ಬೇಕಿಲ್ಲ. ಆದರೆ ಆ ಬಾಗಿಲು ತೆರೆಯದೇ ಇದ್ದರೆ 28 ಮಕ್ಕಳು ಎಲ್ಲಿ ಕೂರುತ್ತಿದ್ದರು? ಇಂದು ಅಲ್ಲಿ ಹತ್ತನೇ ತರಗತಿವರೆಗೆ ಕಲಿಯುವ ಅವಕಾಶ ಉಂಟು.

ಪರೋಪಕಾರ ಅಂದರೆ ಹಣ, ಅದು ಉಳ್ಳವರ ಕೆಲಸ ಎಂದುಕೊಂಡವರು ನಮ್ಮಲ್ಲಿ ಬಹಳ. ‘ನಮ್ಮ ಹತ್ರ ಎಂತ ಉಂಟು ಕೊಡ್ಲಿಕ್ಕೆ?’ ಎಂದು ಕೇಳುತ್ತಾರೆ. ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ನೋಡೋಣ. ನಮ್ಮ ಹತ್ತಿರ ಸುಮ್ಮನೆ ಬಿದ್ದಿರುವುದು ಎಂತ ಉಂಟು?

ನಾಲಿಗೆಯ ಮೇಲಿನ ಭಾಷೆ

ನಮ್ಮ ಹುಡುಗರಿಗೆ ಬ್ಯಾರಿ, ತುಳು, ಕನ್ನಡ ಮೂರೂ ಬರುತ್ತದೆ. ಮಲಯಾಳ ಅರ್ಥವಾಗುತ್ತದೆ, ಹಿಂದಿ ತಕ್ಕಮಟ್ಟಿಗೆ ಮಾತನಾಡುತ್ತಾರೆ. ಇದನ್ನು ನಾವು ಸಂಪತ್ತು ಎಂದು ಎಣಿಸುವುದೇ ಇಲ್ಲ. ಮಂಗಳೂರಿನ, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳ ವರಾಂಡದಲ್ಲಿ ಒಮ್ಮೆ ನಿಂತು ನೋಡಿ. ಕಾಸರಗೋಡಿನಿಂದ ಬಂದವರು, ಘಟ್ಟದ ಮೇಲಿನಿಂದ ಬಂದವರು, ಇಲ್ಲಿ ದುಡಿಯುವ ಹೊರ ರಾಜ್ಯದ ಕಾರ್ಮಿಕರು. ಕೈಯಲ್ಲಿ ಒಂದು ಚೀಟಿ. ಬಿಲ್ ಎಲ್ಲಿ ಕಟ್ಟಬೇಕು, ಸ್ಕ್ಯಾನಿಂಗ್ ಯಾವ ಮಹಡಿಯಲ್ಲಿ ಎಂದು ಕೇಳಲು ಭಾಷೆ ಬರುವುದಿಲ್ಲ. ಬೈಸಿಕೊಳ್ಳುವ ಹೆದರಿಕೆಯಿಂದ ಕೇಳದೆ ಕೂರುವವರೂ ಉಂಟು. ಅಷ್ಟರಲ್ಲಿ ಡಾಕ್ಟರು ಎದ್ದು ಹೋಗಿರುತ್ತಾರೆ. ಒಂದು ದಿನದ ಕೆಲಸಕ್ಕೆ ಎರಡು ದಿನ ಬೇಕಾಗುತ್ತದೆ, ಎರಡು ದಿನದ ಕೂಲಿಯೂ ಹೋಗುತ್ತದೆ.

‘ಕಾಕಾ, ಎಲ್ಲಿಗೆ ಹೋಗ್ಬೇಕಿತ್ತು? ಚೀಟಿ ತೋರ್ಸಿ’ ಎಂದು ಅವರ ಭಾಷೆಯಲ್ಲಿ ಕೇಳಲು ನಮಗೆ ಐದು ನಿಮಿಷ ಸಾಕು. ಮದ್ದಿನ ವಿಷಯದಲ್ಲಿ ಮಾತ್ರ ನಾವೇ ಊಹಿಸಿ ಹೇಳಬಾರದು. ಮೆಡಿಕಲ್‌ನವರು ಹೇಳಿದ್ದನ್ನು ಅವರಿಗೆ ಅರ್ಥವಾಗುವ ಹಾಗೆ ದಾಟಿಸಿದರೆ ಸಾಕು. ಹಾಜಬ್ಬರನ್ನು ಕಾಡಿದ್ದೂ ಭಾಷೆ ಬಾರದ ಇದೇ ಸಂಕಟ ಅಲ್ವಾ?

ಕೈಯಲ್ಲಿರುವ ಮೊಬೈಲು

ಮಕ್ಕಳ ಓದು ನಿಲ್ಲುವುದು ಯಾವಾಗಲೂ ದೊಡ್ಡ ಕಾರಣಕ್ಕಲ್ಲ ಎನ್ನುವುದನ್ನು ಕಲಿಸುವವರಾಗಿ ನಾವು ನೋಡುತ್ತಾ ಬಂದಿದ್ದೇವೆ. ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ಅದಕ್ಕೆ ಮೊದಲು ಆದಾಯ ಪ್ರಮಾಣಪತ್ರ ಬೇಕು, ಆಧಾರ್‌ನಲ್ಲಿ, ಬ್ಯಾಂಕ್ ಖಾತೆಯಲ್ಲಿ ಹೆಸರು ಒಂದೇ ರೀತಿ ಇರಬೇಕು. ಗಂಡ ಗಲ್ಫ್‌ನಲ್ಲಿ, ಮನೆಯಲ್ಲಿ ಉಮ್ಮ ಒಬ್ಬರೇ. ಕೇಳಲು ಸಂಕೋಚ. ಕೊನೆಯ ದಿನಾಂಕ ದಾಟಿ ಹೋಗುತ್ತದೆ. ಪಕ್ಕದ ಮನೆಯ ಹುಡುಗನ ಕೈಯಲ್ಲಿ ಮಾತ್ರ ದಿನವಿಡೀ ಮೊಬೈಲು. ಅದರಲ್ಲಿ ಅರ್ಧ ಗಂಟೆ ಅವರಿಗಾಗಿ ತೆಗೆದಿಟ್ಟರೆ ಒಂದು ಮಗುವಿನ ಒಂದು ವರ್ಷದ ಖರ್ಚು ಹಗುರಾಗಬಹುದು. ಪಿಯುಸಿ ಮುಗಿಸಿದವರ ಪುಸ್ತಕಗಳು ಅಟ್ಟದಲ್ಲಿ ಗೆದ್ದಲು ಹಿಡಿಯುವ ಬದಲು ಜೂನ್‌ಗೆ ಮುಂಚೆ ಇನ್ನೊಂದು ಮನೆ ಸೇರಿದರೆ ಅದೂ ಹಾಗೆಯೇ.

ಇನ್ನು ರಕ್ತ. ನಮ್ಮ ಯುವಕರು ಇದರಲ್ಲಿ ಮುಂದೆ ಇದ್ದಾರೆ, ಅದು ಸಂತೋಷ. 18 ದಾಟಿದ, 45 ಕಿಲೋಕ್ಕಿಂತ ಕಡಿಮೆ ತೂಕವಿಲ್ಲದ ಆರೋಗ್ಯವಂತರು ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಕೊಟ್ಟ ಒಂದು ಯೂನಿಟನ್ನು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಿದರೆ ಮೂವರಿಗೆ ಉಪಯೋಗಕ್ಕೆ ಬರುತ್ತದೆ. ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಥಲಸೇಮಿಯಾ ಇರುವ ಮಕ್ಕಳಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು. ಹಾಗಾಗಿ ಶಿಬಿರದ ದಿನ ಮಾತ್ರ ನೂರು ಜನ ಸೇರಿದರೆ ಸಾಲದು, ವರ್ಷವಿಡೀ ಒಬ್ಬೊಬ್ಬರಾಗಿ ಹೋಗುವವರು ಬೇಕು.

ಫೋಟೊ ಬೇಡ

ದಾರಿಯಲ್ಲಿರುವ ಕಲ್ಲುಮುಳ್ಳು ಸರಿಸುವುದೂ ದಾನವೇ ಎಂದು, ಸ್ವಲ್ಪವಾದರೂ ನಿರಂತರವಾಗಿ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಕೊಟ್ಟದ್ದನ್ನು ಎತ್ತಿ ಆಡಿ, ನೋಯಿಸಿ ದಾನವನ್ನು ಹಾಳು ಮಾಡಿಕೊಳ್ಳಬೇಡಿ ಎಂದು ಕುರ್‌ಆನ್ ಎಚ್ಚರಿಸುತ್ತದೆ. ಈಗ ಬಾಯಲ್ಲಿ ಎತ್ತಿ ಆಡುವವರು ಕಡಿಮೆ, ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಆ ಕೆಲಸ ಮಾಡುತ್ತದೆ. ಐದು ಕಿಲೋ ಅಕ್ಕಿ ಪಡೆದ ತಾಯಿಯ ಮುಖ ಊರಿಡೀ ತಿರುಗುತ್ತದೆ. ಮರುದಿನ ಅವರ ಮಗ ಶಾಲೆಯಲ್ಲಿ ಗೆಳೆಯರ ಮುಖ ನೋಡಬೇಕು. ಅಕ್ಕಿ ವಾರಕ್ಕೆ ಮುಗಿಯುತ್ತದೆ, ಆ ಫೋಟೊ ಮುಗಿಯುವುದಿಲ್ಲ. ಇನ್ನೊಮ್ಮೆ ಕಷ್ಟ ಬಂದಾಗ ಆ ತಾಯಿ ಹಸಿದಾದರೂ ಇರುತ್ತಾರೆ, ಕೇಳಲು ಬರುವುದಿಲ್ಲ. ಕೊಡುವಾಗ ಎದುರಿನವರ ಮರ್ಯಾದೆ ಉಳಿಸುವುದೂ ಕೊಡುಗೆಯೇ.

ಹಾಗಾಗಿ ಈ ವಾರ ಮನೆಯವರೆಲ್ಲ ಊಟಕ್ಕೆ ಕೂತಾಗ ಒಮ್ಮೆ ಲೆಕ್ಕ ಹಾಕಿ. ನಮ್ಮಲ್ಲಿ ಸುಮ್ಮನೆ ಇರುವ ವಸ್ತು ಯಾವುದು, ಸಮಯ ಎಷ್ಟು, ಗೊತ್ತಿರುವ ಕೆಲಸ ಯಾವುದು? ಅದು ಬೇಕಾದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ಜಾತಿ, ಜಮಾಅತ್ ನೋಡುವುದು ಬೇಡ. ಮಸೀದಿ ಕಮಿಟಿಗಳೂ ಮದ್ರಸದ ಕೋಣೆ ಸಂಜೆ ಹೊತ್ತು ಟ್ಯೂಷನ್‌ಗೆ, ಅರ್ಜಿ ತುಂಬಿಸುವ ಕೆಲಸಕ್ಕೆ ಸಿಗುವಂತೆ ಮಾಡಬಹುದೇ ಎಂದು ಮುಂದಿನ ಸಭೆಯಲ್ಲಿ ಮಾತನಾಡಲಿ. ಚಾವಿ ನಮ್ಮ ಕೈಯಲ್ಲೇ ಉಂಟು.