ಒಳ್ಳೆಯ ಮೀನೂಟದ ಹೋಟೆಲು ಯಾವುದು?

ಪುಣೆಯಲ್ಲಿ ಕನ್ನಡಿಗರ ಹೋಟೆಲು ಎಂದೊಡನೆ ಕೇಳಿದವರ ಕಣ್ಣ ಮುಂದೆ ಬರುವುದು ಇಡ್ಲಿ, ದೋಸೆ, ಕಾಫಿ. ದಕ್ಷಿಣ ಕನ್ನಡದಿಂದ ಬಂದ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಬೆಳೆಸಿದ ‘ವೈಶಾಲಿ’, ‘ರೂಪಾಲಿ’ಗಳನ್ನು ಅರಿಯದ ಪುಣೆಯವರು ವಿರಳ. ಆ ಹಿರಿಮೆಯನ್ನು ಹಲವರು ಬಣ್ಣಿಸಿದ್ದಾರೆ. ಅದು ತಕ್ಕದ್ದೇ ಸರಿ. ಆದರೆ ಅದೇ ಕರಾವಳಿಯವರು ನಡೆಸುವ ಇನ್ನೊಂದು ಬಗೆಯ ಹೋಟೆಲು ಉಂಟು. ಅದು ದೊಡ್ಡ ರಸ್ತೆಯಲ್ಲಿ ಸುಲಭವಾಗಿ ಕಾಣಸಿಗದು. ಗಲ್ಲಿಯ ತಿರುವಿನಲ್ಲಿ, ಎಂಟು ಹತ್ತು ಮೇಜುಗಳ ಇಕ್ಕಟ್ಟಿನಲ್ಲಿ ಇರುತ್ತದೆ. ಮಧ್ಯಾಹ್ನದ ಹೊತ್ತು ಅದರ ಬಾಗಿಲ ಮುಂದೆ ಹಾದುಹೋದರೆ ಕಾವಲಿಯ ಮೇಲೆ ಬಂಗುಡೆ ಬೇಯುವ ವಾಸನೆ ನಮ್ಮನ್ನು ಕೈಹಿಡಿದು ನಿಲ್ಲಿಸುತ್ತದೆ. ಈ ಸಲ ನಾವು ಬರೆಯಹೊರಟಿರುವುದು ಆ ಮೀನೂಟದ ಹೋಟೆಲಿನ ವಿಚಾರ. ಮೀನು ಮುಟ್ಟದ ಓದುಗರು ಮುನಿಸಿಕೊಳ್ಳಬಾರದು. ಅನ್ನ ಇಕ್ಕುವವನ ಪ್ರಾಮಾಣಿಕತೆಯ ಮಾತು ಎಲ್ಲ ಪಂಕ್ತಿಗಳಿಗೂ ಒಂದೇ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ಇಂಥ ಹೋಟೆಲು ಬರಿಯ ನಾಲಿಗೆಯ ಚಪಲವಲ್ಲ. ಕುಂದಾಪುರದಿಂದಲೋ ಕಾರವಾರದಿಂದಲೋ ಕೆಲಸಕ್ಕೆ ಬಂದ ತರುಣನಿಗೆ ಪುಣೆಯಲ್ಲಿ ಕೋಣೆ ಸಿಗುವುದೇ ಕಷ್ಟ. ಸಿಕ್ಕಿತೆನ್ನಿ, ಮೀನು ಮಾಂಸ ಬೇಯಿಸಕೂಡದು ಎಂಬ ಕರಾರನ್ನು ಅನೇಕ ಮನೆಯೊಡೆಯರು ಮೊದಲೇ ಹೇಳಿಬಿಡುತ್ತಾರೆ. ಸಂಸಾರವಂದಿಗರಿಗೂ ಈ ತೊಡಕು ತಪ್ಪಿದ್ದಲ್ಲ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡಾರೆಂದು ಕಿಟಕಿ ಬಾಗಿಲು ಹಾಕಿ ಮೀನು ಹುರಿಯುವ ಗೃಹಿಣಿಯರನ್ನು ನಾವು ಬಲ್ಲೆವು. ಹೀಗಿರುವಾಗ ಗಲ್ಲಿಯ ಹೋಟೆಲು ಅವರೆಲ್ಲರ ಎರಡನೆಯ ಅಡಿಗೆಮನೆ. ಅದು ಕೆಟ್ಟರೆ ಕೆಡುವುದು ಒಂದು ಹೊತ್ತಿನ ಊಟ ಮಾತ್ರವಲ್ಲ.

ಹೊರಗಿನಿಂದ ಬಂದವರ ಮೀನಿನಂಗಡಿ ಎಷ್ಟು ದೊಡ್ಡ ಸಂಗತಿಯಾಗಬಲ್ಲುದು ಎಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. ಅಲ್ಲಿನವರು ತಮ್ಮ ರಾಷ್ಟ್ರೀಯ ತಿಂಡಿಯೆಂದು ಹೆಮ್ಮೆಪಡುವ ‘ಫಿಶ್ ಅಂಡ್ ಚಿಪ್ಸ್’ ಎಂಬುದು ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ಮತ್ತು ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ. ಮೀನನ್ನು ಹಾಗೆ ಕರಿಯುವ ಪದ್ಧತಿಯನ್ನು ಅಲ್ಲಿಗೆ ಒಯ್ದವರು ಸ್ಪೇನ್, ಪೋರ್ಚುಗಲ್ಲುಗಳಿಂದ ನೆಲೆ ತಪ್ಪಿ ಬಂದ ಯಹೂದಿಗಳು ಎನ್ನುತ್ತಾರೆ. ಸುಮಾರು 1860ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಜೋಸೆಫ್ ಮಾಲಿನ್ ಎಂಬ ಯಹೂದಿ ಇಂಥ ಅಂಗಡಿ ತೆರೆದನು. ಅಲ್ಲ, 1863ರ ಹೊತ್ತಿಗೆ ಮಾಸ್ಲಿ ಎಂಬ ಗಿರಣಿ ಊರಿನ ಸಂತೆಯಲ್ಲಿ ಜಾನ್ ಲೀಸ್ ಎಂಬವನು ಮರದ ಗುಡಿಸಲಿನಲ್ಲಿ ತೆರೆದದ್ದೇ ಮೊದಲು ಎಂದು ಉತ್ತರದವರು ವಾದಿಸುತ್ತಾರೆ. ಆ ಜಗಳ ನಮಗೆ ಬೇಡ. ಸಮುದ್ರ ಕಾಣದ ಗಿರಣಿ ಊರುಗಳಿಗೆ ರೈಲು ಮತ್ತು ಮಂಜುಗಡ್ಡೆ ಸೇರಿ ಮೀನು ತಂದವು. ಕೂಲಿಯವನ ಜೇಬಿಗೆ ನಿಲುಕುವ ಬಿಸಿ ಊಟ ಹುಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಬಹುತೇಕ ಆಹಾರಕ್ಕೆ ಪಡಿತರ ಬಂದಾಗಲೂ ಸರಕಾರವು ಇದನ್ನು ಪಡಿತರಕ್ಕೆ ಒಳಪಡಿಸಲಿಲ್ಲ.

ನಮ್ಮ ಪುಣೆಯೂ ಸಮುದ್ರದಿಂದ ದೂರದ ಊರೇ. ಲೀಸನ ಗುಡಿಸಲಿನ ಕಾಲಕ್ಕೇ, 1863ರಲ್ಲಿ, ಬೋರ್ ಘಾಟಿನ ರೈಲುಮಾರ್ಗ ತೆರೆದು ಮುಂಬಯಿ ಪುಣೆಗಳನ್ನು ಜೋಡಿಸಿತೆಂಬುದು ಒಂದು ಸೊಗಸಾದ ಕಾಕತಾಳೀಯ. ಇಂದು ಮೀನು ಬರುವುದು ಲಾರಿಗಳಲ್ಲಿ. ಬೆಳಗಿನ ಜಾವ ಗಣೇಶ ಪೇಠೆಯ ಮೀನು ಬಜಾರಿಗೆ ಹೋದವರು ಕಡಲ ಮೀನು, ಅಳಿವೆಯ ಮೀನು, ಆಂಧ್ರದಿಂದ ಬರುವ ರೋಹು, ಕಾಟ್ಲಾ, ಎಲ್ಲವನ್ನೂ ಕಾಣಬಹುದು. ಸೋಲಾಪುರ ರಸ್ತೆಯಲ್ಲಿ ಪ್ರಯಾಣ ಮಾಡುವ ನಮ್ಮವರಿಗೆ ಭಿಗವಣದ ಮೀನೂಟ ಪರಿಚಿತವೇ; ಅಲ್ಲಿ ಬಡಿಸುವುದು ಉಜನಿ ಅಣೆಕಟ್ಟಿನ ಹಿನ್ನೀರಿನ ಮೀನು, ಅಂದರೆ ಮುಂದೆ ಕಲಬುರಗಿಯ ಕಡೆಗೆ ಹರಿಯುವ ಭೀಮೆಯದೇ ಮೀನು. ಆದ್ದರಿಂದ ಪುಣೆಯಲ್ಲಿ ಮೀನಿಗೆ ಬರವಿಲ್ಲ. ಬರವಿರುವುದು, ಯಾವ ಮೀನು ಎಲ್ಲಿಂದ ಎಂದು ಬಂತೆಂದು ನೇರವಾಗಿ ಹೇಳುವವರಿಗೆ.

ಇದರಿಂದಲೇ ನಮ್ಮ ಮೊದಲ ಪರೀಕ್ಷೆ ಹುಟ್ಟುತ್ತದೆ. ಒಳ್ಳೆಯ ಮೀನೂಟದ ಹೋಟೆಲು ‘ಇಲ್ಲ’ ಎನ್ನಲು ಅಂಜುವುದಿಲ್ಲ. “ಶೆಟ್ರೇ, ಕಾಣೆ ಉಂಟಾ?” ಎಂದು ಕೇಳಿದರೆ, “ಇಲ್ಲ ಮಾರಾಯ್ರೆ, ಇವತ್ತು ಬಂದದ್ದು ಚೆನ್ನಾಗಿಲ್ಲ, ನಾನು ತರಲಿಲ್ಲ. ಬಂಗುಡೆ ಒಳ್ಳೇದುಂಟು, ತಿನ್ನಿ” ಎಂಬ ಉತ್ತರ ಬಂದಿತೋ, ಅಲ್ಲಿ ಧೈರ್ಯವಾಗಿ ಕುಳಿತುಕೊಳ್ಳಿರಿ. ವರ್ಷದ ಮುನ್ನೂರ ಅರುವತ್ತೈದು ದಿನವೂ ನಲವತ್ತು ಬಗೆಯ ಮೀನು ಸಿದ್ಧವೆಂದು ಅಚ್ಚು ಹಾಕಿಸಿದ ಪಟ್ಟಿ ಕಂಡರೆ ಸ್ವಲ್ಪ ಯೋಚಿಸಿರಿ. ಒಳ್ಳೆಯ ಹೋಟೆಲಿನ ಪಟ್ಟಿ ಸಾಮಾನ್ಯವಾಗಿ ಕರಿಹಲಗೆಯ ಮೇಲಿನ ಸೀಮೆಸುಣ್ಣದ ಬರಹ. ಊಟದ ಹೊತ್ತು ಮುಗಿಯುವುದರೊಳಗೆ ಅದರಲ್ಲಿ ಅರ್ಧ ಅಳಿಸಿರುತ್ತದೆ.

ತಾಜಾತನದ ವಿಷಯದಲ್ಲಿ ಹುಡುಗಾಟ ಸಲ್ಲದು. ಬಂಗುಡೆಯಂಥ ಮೀನನ್ನು ಮಂಜುಗಡ್ಡೆಯಿಲ್ಲದೆ ಸೆಕೆಯಲ್ಲಿಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟುತ್ತದೆ. ತಿಂದವರ ಮುಖ ಕೆಂಪೇರಿ ತುರಿಕೆ, ತಲೆನೋವು, ವಾಂತಿ ಬರುವುದುಂಟು. ಎಷ್ಟು ಹುರಿದರೂ ಆ ಪದಾರ್ಥ ನಾಶವಾಗದು. ಮಸಾಲೆ ಅದನ್ನು ಮುಚ್ಚೀತು, ಅಷ್ಟೇ. ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಬೇಕೆಂಬುದು ನಮ್ಮಂಥ ಉಷ್ಣದೇಶಕ್ಕೆ ಬಲ್ಲವರು ಹೇಳುವ ಲೆಕ್ಕ. ಒಳ್ಳೆಯ ಯಜಮಾನನು ಬೇಯಿಸದ ಮೀನನ್ನು ಗಿರಾಕಿಗೆ ತೋರಿಸಲು ಹಿಂಜರಿಯುವುದಿಲ್ಲ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಂಡಿ ಕೂಡಲೆ ಮೇಲೇಳಬೇಕು. ಇನ್ನು ಅಂಜಲಿನ ತುಂಡಿನ ನಡುವೆ ಮುಳ್ಳೂ ಸುತ್ತ ಬೆಳ್ಳಿಯಂಥ ಚರ್ಮವೂ ಇರುತ್ತವೆ. ಚರ್ಮವಿಲ್ಲದ, ಮುಳ್ಳಿಲ್ಲದ ಬಿಳಿಯ ಹೋಳಿಗೆ ಅಂಜಲಿನ ಬೆಲೆ ಹಾಕಿದ್ದರೆ ಅದು ‘ಬಾಸಾ’ ಅಲ್ಲವಷ್ಟೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬಾಸಾ ತಿನ್ನುವುದೂ ತಪ್ಪಲ್ಲ. ಹೆಸರು ಬದಲಿಸಿ ಮಾರುವುದು ತಪ್ಪು.

ಎರಡನೆಯ ಪರೀಕ್ಷೆ ಕಾವಲಿಯದು. ಮೆಣಸಿನ ಬಣ್ಣ ಬ್ಯಾಡಗಿಯದಾಗಿರಬೇಕು, ಡಬ್ಬಿಯದಲ್ಲ. ಹುಳಿ, ಉಪ್ಪು, ಬೆಳ್ಳುಳ್ಳಿ, ಅರಸಿನಗಳೊಡನೆ ಅರೆದ ಮಸಾಲೆ ಮೀನಿಗೆ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಕಾವಲಿ ಚೆನ್ನಾಗಿ ಕಾದಿರಬೇಕು. ಒಂದೇ ಸಲ ಮಗುಚಬೇಕು. ಕಾರವಾರದವರು ರವೆಯಲ್ಲಿ ಹೊರಳಿಸುತ್ತಾರೆ, ಮಂಗಳೂರಿನವರು ಮಸಾಲೆಯನ್ನೇ ಕವಚ ಮಾಡುತ್ತಾರೆ. ಎರಡೂ ಸರಿಯೇ, ಹೊರಗೆ ಗರಿಗರಿ, ಒಳಗೆ ರಸ ಉಳಿದಿದ್ದರೆ ಸಾಕು. ಎಣ್ಣೆಯ ಮೇಲೂ ಒಂದು ಕಣ್ಣಿರಲಿ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದಕ್ಕೆ 2018ರ ಜುಲೈ 1ರಿಂದ ನಮ್ಮ ದೇಶದಲ್ಲಿ ಕಾಯಿದೆಯ ಮಿತಿಯುಂಟು. ಎಣ್ಣೆ ಕೆಟ್ಟಾಗ ಹುಟ್ಟುವ ಪದಾರ್ಥಗಳು ಅದರಲ್ಲಿ ಶೇಕಡಾ 25ನ್ನು ಮೀರಕೂಡದು. ಆ ಅಳತೆಗೆ ಯಂತ್ರ ಬೇಕು. ನಮಗಾದರೋ ಕಪ್ಪಾದ ಬಣ್ಣ, ನೊರೆ, ಗಂಟಲು ಕೆರೆಯುವ ಹೊಗೆ ಇವೇ ಸಾಕ್ಷಿ.

ಮೂರನೆಯದು ಸಾರಿನ ಪರೀಕ್ಷೆ. ಇಲ್ಲಿ ಹೋಟೆಲಿನವನ ಊರು ಗೊತ್ತಾಗಬೇಕು. ದಕ್ಷಿಣ ಕನ್ನಡದವನಾದರೆ ಹುಣಸೆಯ ಹುಳಿ, ತೆಂಗಿನಕಾಯಿ ನುಣ್ಣಗೆ ಅರೆದ ಕೆಂಪು ಗಸಿ. ಜತೆಗೆ ನೀರುದೋಸೆಯೋ ಕುಚ್ಚಲಕ್ಕಿ ಅನ್ನವೋ. ಕುಂದಾಪುರದವನಾದರೆ ಕೊತ್ತಂಬರಿ, ಮೆಂತೆ ಹುರಿದ ಪರಿಮಳ. ಕಾರವಾರದವನಾದರೆ ಕೋಕಮಿನ ಹುಳಿ, ಬಂಗುಡೆಗೆ ತೆಪ್ಪಲಿನ ಘಮ. ಒಂದೇ ಮೀನಿಗೆ ಹೆಸರುಗಳೂ ಹಾಗೆಯೇ ಹಲವು. ತುಳುವರ ಬೂತಾಯಿ ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ನಮ್ಮ ಅಂಜಲ್ ಇಲ್ಲಿ ಸುರಮಯಿ, ಮಾಂಜಿ ಇಲ್ಲಿ ಪಾಪ್ಲೆಟ್, ಸಿಗಡಿ ಇಲ್ಲಿ ಕೋಳಂಬಿ. ಒಳ್ಳೆಯ ಹೋಟೆಲಿನ ಮಾಣಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಮರಾಠಿ ಗಿರಾಕಿಗೆ ಮರಾಠಿಯಲ್ಲಿ, ನಮಗೆ ನಮ್ಮ ಮಾತಿನಲ್ಲಿ ಹೇಳಿ, ಒಂದೇ ಪಾತ್ರೆಯಿಂದ ಬಡಿಸುತ್ತಾನೆ. ಎಲ್ಲರನ್ನೂ ಮೆಚ್ಚಿಸಹೋಗಿ ಎಲ್ಲ ಮೀನಿಗೂ ಒಂದೇ ಕೆಂಪು ಗೊಜ್ಜು ಸುರಿಯುವ ಕಡೆ ಯಾರ ಊರೂ ಉಳಿಯುವುದಿಲ್ಲ.

ನಾಲ್ಕನೆಯದು, ಹೆಂಗಸರೂ ಮಕ್ಕಳೂ ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳುವಂತಿರಬೇಕು. ಅನೇಕ ಕಡೆ ಮೀನೂಟವೆಂದರೆ ಮದ್ಯದ ಬಾಟಲಿಯ ಜೊತೆಗಾರ ಎಂದಾಗಿಬಿಟ್ಟಿದೆ. ಕೈ ತೊಳೆಯಲು ಸಾಬೂನು, ಮಗುವಿಗೆ ಮುಳ್ಳು ಕಡಿಮೆಯಿರುವ ತುಂಡು, ಅಜ್ಜಿಗೆ ಬೇಡಿದಷ್ಟು ಸಾರು, ಮನೆಗೆ ಒಯ್ಯಲು ಮುಚ್ಚಳ ಭದ್ರವಾದ ಡಬ್ಬಿ: ಇಷ್ಟಿದ್ದರೆ ಅದು ಕುಟುಂಬದ ಹೋಟೆಲು. ದರವೂ ಗಿರಾಕಿಯ ಮುಖ ನೋಡಿ ಏರಬಾರದು. ‘ಅಂದಿನ ಬೆಲೆ’ ಎಂದು ಬರೆದ ಕಡೆ, ತಟ್ಟೆ ಬರುವುದಕ್ಕೆ ಮೊದಲೇ ಆ ಬೆಲೆ ಎಷ್ಟೆಂದು ಹೇಳುವುದು ಮರ್ಯಾದೆ.

ಇಷ್ಟು ಹೊತ್ತು ಹೋಟೆಲಿನವನ ಧರ್ಮವನ್ನು ಹೇಳಿದೆವು. ಗಿರಾಕಿಯ ಧರ್ಮವೂ ಒಂದುಂಟು. ಅದನ್ನು ಹೇಳದಿದ್ದರೆ ಈ ಬರಹ ಅರ್ಧವಾದೀತು. ಅವನ ವರ್ಷದ ಲೆಕ್ಕವನ್ನು ಸ್ವಲ್ಪ ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವೆಂದು ಸರಕಾರದ ನಿಷೇಧ. ಅದು ಮುಗಿಯುವ ಹೊತ್ತಿಗೆ ಶ್ರಾವಣ. ಮಹಾರಾಷ್ಟ್ರದಲ್ಲಿ ಆ ತಿಂಗಳು ಮೀನು ಮಾಂಸ ಬಿಡುವವರು ಬಹು ಮಂದಿ. ಅದರ ಹಿಂದೆಯೇ ಗಣೇಶೋತ್ಸವ, ಸ್ವಲ್ಪ ತಡೆದು ನವರಾತ್ರಿ. ಅಂದರೆ ಮೊದಲೆರಡು ತಿಂಗಳು ಮೀನಿಲ್ಲ. ಮೀನು ಬಂದ ಮೇಲೆ ತಿನ್ನುವವರಿಲ್ಲ. ಉಳಿದ ದಿನಗಳಲ್ಲೂ ಪುಣೆಯಲ್ಲಿ ಅವನ ವ್ಯಾಪಾರ ಬುಧವಾರ, ಶುಕ್ರವಾರ, ಭಾನುವಾರಗಳಿಗೇ ಹೆಚ್ಚು. ಬಾಡಿಗೆಗೂ ಮಾಣಿಗಳ ಸಂಬಳಕ್ಕೂ ಮಾತ್ರ ಶ್ರಾವಣವಿಲ್ಲ.

ಇಂಥ ಬಿಗಿಯಲ್ಲಿರುವವನ ಮುಂದೆ ಕುಳಿತು ನಾವು ಜುಲೈ ತಿಂಗಳಲ್ಲಿ ತಾಜಾ ಮಾಂಜಿಯೇ ಬೇಕೆಂದು ಹಟ ಹಿಡಿದರೆ ಅವನು ಏನು ಮಾಡಬೇಕು? ಒಂದೋ ನಮ್ಮನ್ನು ಕಳೆದುಕೊಳ್ಳಬೇಕು, ಇಲ್ಲವೇ ತಿಂಗಳುಗಟ್ಟಲೆ ಶೀತದ ಪೆಟ್ಟಿಗೆಯಲ್ಲಿದ್ದುದನ್ನು ತಾಜಾ ಎನ್ನಬೇಕು. ಸುಳ್ಳು ಹೇಳಲು ಅವನಿಗೆ ಕಲಿಸುವವರು ಅನೇಕ ವೇಳೆ ಗಿರಾಕಿಗಳೇ. ಬದಲಾಗಿ, “ಇವತ್ತು ಏನು ಒಳ್ಳೇದುಂಟು?” ಎಂದು ಕೇಳುವ ಅಭ್ಯಾಸ ನಮಗಿರಲಿ. ಅಗ್ಗದ ಬೂತಾಯಿ ಬಂಗುಡೆಗಳನ್ನು ಬಡವರ ಮೀನೆಂದು ಕಡೆಗಣಿಸದಿರೋಣ. ಪುಷ್ಟಿಯಲ್ಲಿ ಅವು ಅಂಜಲಿಗೆ ಸೋಲುವಂಥವಲ್ಲ. ಮಳೆಗಾಲದಲ್ಲಿ ಒಣಮೀನಿನ ಚಟ್ನಿ, ಒಣಸಿಗಡಿ, ಮೊಟ್ಟೆಯ ಗಸಿ ಇವೇ ನಮ್ಮ ಊರಿನ ಮನೆಗಳಲ್ಲೂ ಇದ್ದದ್ದು. ಅದನ್ನು ಬಡಿಸುವ ಹೋಟೆಲನ್ನು ಕಂಡು, ಇಲ್ಲಿ ಏನೂ ಇಲ್ಲ ಎಂದು ಎದ್ದು ಹೋಗಬಾರದು. ಮೀನಿಲ್ಲದ ದಿನವೂ ಒಂದು ಊಟ ಮಾಡಿ ಬರುವ ಹತ್ತು ಮನೆಯವರಿದ್ದರೆ ಗಲ್ಲಿಯ ಹೋಟೆಲು ಮುಂದಿನ ಹಂಗಾಮಿನವರೆಗೆ ಬಾಗಿಲು ತೆರೆದಿರುತ್ತದೆ.

ಶ್ರಾವಣದ ಹುಣ್ಣಿಮೆಯಂದು ನಮ್ಮ ಮೊಗವೀರರು ಸಮುದ್ರಕ್ಕೆ ಹಾಲು ತೆಂಗಿನಕಾಯಿ ಅರ್ಪಿಸುತ್ತಾರೆ. ಇಲ್ಲಿಯ ಕೋಳಿ ಜನಾಂಗದ ಬೆಸ್ತರೂ ನಾರಳಿ ಪೌರ್ಣಿಮೆಯೆಂದು ಅದೇ ದಿನ ಕಡಲಿಗೆ ಕಾಯಿ ಸಲ್ಲಿಸುತ್ತಾರೆ. ಕಡಲು ಕೊಟ್ಟಾಗ ಉಣ್ಣುವುದು, ಕೊಡದಾಗ ಕಾಯುವುದು ಎರಡು ಕಡೆಯವರೂ ಬಲ್ಲ ನೀತಿ. ಘಟ್ಟದ ಮೇಲಿರುವ ನಮ್ಮ ಮಕ್ಕಳು ಆ ಕಡಲನ್ನು ರಜೆಯಲ್ಲಿ ಮಾತ್ರ ಕಾಣುತ್ತಾರೆ. ಯಾವ ಮೀನಿಗೆ ಯಾವ ತಿಂಗಳು, ಅದಕ್ಕೆ ನಮ್ಮ ಮಾತಿನಲ್ಲಿ ಯಾವ ಹೆಸರು ಎಂಬುದನ್ನು ಅವರು ಇಲ್ಲಿ ಕಲಿಯಬಹುದಾದ ಪಾಠಶಾಲೆ ಈ ಇಕ್ಕಟ್ಟಿನ ಹೋಟೆಲೇ. ಬರುವ ಭಾನುವಾರ ಅವರನ್ನು ಕರೆದುಕೊಂಡು ಹೋಗಿರಿ. ಕರಿಹಲಗೆಯನ್ನು ಅವರಿಂದಲೇ ಓದಿಸಿರಿ.