ಡಿ2 ಗ್ರಾಹಿ: ಎರಡು ಕಾಯಿಲೆಗಳ ನಡುವೆ

ಮಿದುಳಿನ ನರಕೋಶಗಳು ಸಾಮಾನ್ಯವಾಗಿ ಒಂದನ್ನೊಂದು ನೇರವಾಗಿ ಮುಟ್ಟುವುದಿಲ್ಲ. ನಡುವೆ ಬಲು ಕಿರಿದಾದ ಸಂದು ಇರುತ್ತದೆ. ಒಂದು ಕೋಶದಿಂದ ಹೊರಬಿದ್ದ ನರವಾಹಕ ರಾಸಾಯನಿಕ ಆ ಸಂದನ್ನು ದಾಟಿ, ಎದುರಿನ ಕೋಶದ ಮೇಲಿರುವ ಪ್ರೋಟೀನಿಗೆ ಅಂಟಿಕೊಂಡಾಗಲೇ ಸಂದೇಶ ತಲಪುತ್ತದೆ. ಆ ಪ್ರೋಟೀನೇ ಗ್ರಾಹಿ; ವೈದ್ಯರು ಅದನ್ನು ರಿಸೆಪ್ಟರ್ ಎನ್ನುತ್ತಾರೆ. ಡೋಪಮೈನ್ ಎಂಬ ಒಂದೇ ರಾಸಾಯನಿಕಕ್ಕೆ ಡಿ1ರಿಂದ ಡಿ5ರವರೆಗೆ ಐದು ಬಗೆಯ ಗ್ರಾಹಿಗಳಿವೆ. ಇವುಗಳಲ್ಲಿ ಡಿ2 ಪಾರ್ಕಿನ್ಸನ್ ಕಾಯಿಲೆಗೂ ಸ್ಕಿಜೋಫ್ರೇನಿಯಾಕ್ಕೂ ನಂಟುಳ್ಳದ್ದು.

ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಕೋಶಗಳೇ ನಶಿಸುತ್ತವೆ. ಡೋಪಮೈನನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ಇಳಿಯುವುದಿಲ್ಲ. ಅದರ ಪೂರ್ವರೂಪವಾದ ಎಲ್-ಡೋಪಾ ಇಳಿಯುತ್ತದೆ. ಈ ಎಲ್-ಡೋಪಾವನ್ನು 1937ರಲ್ಲಿ ಮದರಾಸಿನ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ನಸುಗುನ್ನಿ ಬೀಜದಿಂದ ಬೇರ್ಪಡಿಸಿ 'ಬಯೋಕೆಮಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದ್ದರು. ಮೈಗೆ ತಾಗಿದರೆ ತುರಿಕೆ ಹತ್ತಿಸುವ ಬಳ್ಳಿಯ ಬೀಜ ಅದು. ಡೋಪಮೈನ್‌ಗೆ ಮಿದುಳಿನಲ್ಲಿ ಸ್ವಂತ ಕೆಲಸವಿದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅದನ್ನು ತೋರಿಸಿಕೊಟ್ಟಿದ್ದು 1950ರ ದಶಕದ ಕೊನೆಯಲ್ಲಿ. ಸರ್ಪಗಂಧದ ಬೇರಿನಿಂದ ಬಂದ ರೆಸರ್ಪಿನ್ ಕೊಟ್ಟು ನಿಶ್ಚೇಷ್ಟಗೊಳಿಸಿದ ಮೊಲಗಳು ಎಲ್-ಡೋಪಾದಿಂದ ಮತ್ತೆ ಓಡಾಡಿದವು. ಭಾರತದ ನೆಲದ ಎರಡು ಗಿಡಗಳ ಸತ್ವ ಈ ಕಥೆಯಲ್ಲಿ ಎದುರುಬದುರಾಗಿ ನಿಂತಿರುವುದು ನೆನಪಿಡಬೇಕಾದ ಸಂಗತಿ.

ಸ್ಕಿಜೋಫ್ರೇನಿಯಾದ ದಾರಿ ಬೇರೆ. ಇಲ್ಲದ ದನಿ ಕೇಳಿಸುವುದು, ಬಲವಾದ ಸಂಶಯ ಮುಂತಾದ ಲಕ್ಷಣಗಳನ್ನು ಕ್ಲೋರ್‌ಪ್ರೊಮಜೀನ್ ಎಂಬ ಔಷಧ ತಗ್ಗಿಸುತ್ತದೆಂದು 1952ರಲ್ಲಿ ಪ್ಯಾರಿಸ್‌ನಲ್ಲಿ ಗೊತ್ತಾಯಿತು. ಹೇಗೆಂಬುದು ಗೊತ್ತಾಗಲು ಎರಡು ದಶಕ ಬೇಕಾಯಿತು. 1970ರ ದಶಕದ ನಡುವೆ ಟೊರೊಂಟೊದ ಫಿಲಿಪ್ ಸೀಮನ್ ಮತ್ತು ಬಾಲ್ಟಿಮೋರ್‌ನ ಸಾಲೊಮನ್ ಸ್ನೈಡರ್ ಅವರ ತಂಡಗಳು ಸ್ಪಷ್ಟವಾದ ಲೆಕ್ಕವೊಂದನ್ನು ಮುಂದಿಟ್ಟವು: ಡೋಪಮೈನ್ ಗ್ರಾಹಿಗೆ ಔಷಧ ಎಷ್ಟು ಬಿಗಿಯಾಗಿ ಅಂಟುತ್ತದೆಯೋ, ಅಷ್ಟು ಕಡಿಮೆ ಪ್ರಮಾಣ ಸಾಕು. ಮಿದುಳಿನ ಗ್ರಾಹಿಗಳನ್ನು ಅಳೆಯಬಲ್ಲ ಪೆಟ್ ಸ್ಕ್ಯಾನ್ ಬಂದ ಮೇಲೆ ಇನ್ನೊಂದು ಅಂಶ ಬೆಳಕಿಗೆ ಬಂತು. ಔಷಧವು ಡಿ2 ಗ್ರಾಹಿಗಳಲ್ಲಿ ಸುಮಾರು ಶೇಕಡಾ 65ರಷ್ಟನ್ನು ಮುಚ್ಚಿದರೆ ಗುಣ ಕಾಣುತ್ತದೆ. ಶೇಕಡಾ 80 ದಾಟಿದರೆ ಕೈನಡುಕ, ಮೈ ಬಿಗಿತ, ಎಳೆದ ನಡಿಗೆ ಶುರುವಾಗುತ್ತದೆ. ಅಂದರೆ ಒಂದು ಕಾಯಿಲೆಯ ಔಷಧ ಇನ್ನೊಂದು ಕಾಯಿಲೆಯ ಲಕ್ಷಣಗಳನ್ನು ತರುತ್ತದೆ. ಈ ಬಿಗಿತವನ್ನು ಮನೆಯವರು ಕಾಯಿಲೆಯೇ ಉಲ್ಬಣಿಸಿದೆ ಎಂದು ಭಾವಿಸುವುದುಂಟು, ಮಾತ್ರೆ ನಿಲ್ಲಿಸಿಬಿಡುವುದೂ ಉಂಟು. ವೈದ್ಯರು ಮೊದಲೇ ಇದನ್ನು ಬಿಡಿಸಿ ಹೇಳಬೇಕು. ಪ್ರಮಾಣ ತಗ್ಗಿಸಿದರೆ ಅಥವಾ ಔಷಧ ಬದಲಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಡಿ2ಗೆ ಸಡಿಲವಾಗಿ ಅಂಟುವ ಕ್ಲೋಜಪೀನ್‌ನಿಂದ ಬಿಗಿತ ಅಪರೂಪ. ಆದರೆ ಅದು ಬಿಳಿ ರಕ್ತಕಣಗಳನ್ನು ಕುಗ್ಗಿಸಬಹುದಾದ್ದರಿಂದ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ಗ್ರಾಹಿಯ ವಿಜ್ಞಾನಕ್ಕೆ ಮಿತಿಯೂ ಇದೆ. ಡಿ2 ಮುಚ್ಚಿದರೆ ದನಿಗಳು ಅಡಗಬಹುದು. ಮಂಕುತನ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಇದರ ಹಿಂದೆ ಗ್ಲುಟಮೇಟ್ ಎಂಬ ಇನ್ನೊಂದು ನರವಾಹಕದ ಎನ್‌ಎಂಡಿಎ ಗ್ರಾಹಿಗಳ ಪಾತ್ರವಿರಬಹುದೆಂದು ಸಂಶೋಧಕರು ಹುಡುಕುತ್ತಿದ್ದಾರೆ. ಮಾತ್ರೆಯೊಂದರಿಂದಲೇ ನೀಗದ ಈ ಕೊರತೆಯನ್ನು ಚೆನ್ನೈನಲ್ಲಿ ತುಂಬಲು ಹೊರಟವರು ಮಂಗಳೂರಿನಲ್ಲಿ ಹುಟ್ಟಿದ ಮನೋವೈದ್ಯೆ ಎಂ. ಶಾರದಾ ಮೆನನ್. 1794ರಷ್ಟು ಹಳೆಯದಾದ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯನ್ನು 1961ರಿಂದ ನಡೆಸಿದ ಅವರು, 1984ರಲ್ಲಿ ಸ್ಕಾರ್ಫ್ (ಸ್ಕಿಜೋಫ್ರೇನಿಯಾ ಸಂಶೋಧನಾ ಪ್ರತಿಷ್ಠಾನ) ಸಂಸ್ಥೆ ಕಟ್ಟಿದರು. ಅಲ್ಲಿ ಮಾತ್ರೆಯ ಜೊತೆಗೆ ಕೆಲಸದ ತರಬೇತಿ, ಮನೆಯವರಿಗೆ ತಿಳಿವಳಿಕೆ ಕೂಡ ಚಿಕಿತ್ಸೆಯ ಭಾಗ. ಮನೋವೈದ್ಯೆ ಆರ್. ತಾರಾ ಮತ್ತು ಸಂಗಡಿಗರು 1980ರ ದಶಕದ ಮೊದಲಲ್ಲಿ ಮದರಾಸಿನಲ್ಲಿ ಕಾಯಿಲೆ ಹೊಸದಾಗಿ ಕಾಣಿಸಿಕೊಂಡ 90 ರೋಗಿಗಳನ್ನು ಗುರುತಿಸಿ, ಅವರನ್ನು ದಶಕಗಳ ಕಾಲ ಗಮನಿಸಿದರು. ಲಕ್ಷಣಗಳ ಜೊತೆಗೆ ಉದ್ಯೋಗ, ಮದುವೆಗಳ ವಿವರವನ್ನೂ ದಾಖಲಿಸಿದರು.