ಹನಿಮೂನಿಗೊಂದು ಪಂಚಾಂಗ

2026ರ ರಥಸಪ್ತಮಿ, ಭಾನುವಾರ. ಗಾಂಧಿ ಬಜಾರಿನಲ್ಲಿ ಮಾರಿ ಉಳಿದ ಎಕ್ಕದ ಎಲೆಯ ಕಟ್ಟುಗಳು ಹನ್ನೊಂದರ ಬಿಸಿಲಿಗೆ ಬಾಡಿ ಬಿದ್ದಿವೆ. ಪಕ್ಕದಲ್ಲೇ ಗೋಣಿತಾಟಿನ ಮೇಲೆ ಅವರೆಕಾಯಿ ರಾಶಿ. ಕೊಳ್ಳುವವರು ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು ಸೊಗಡು ನೋಡುತ್ತಾರೆ, ಬೆರಳಿಗೆ ಜಿಡ್ಡು ಅಂಟಿತೋ ಇಲ್ಲವೋ ನೋಡುತ್ತಾರೆ, ಆಮೇಲೆ ಇದು ಮಾಗಡಿಯದೇ ಹೌದೇ ಎಂದು ವಾದಕ್ಕೆ ನಿಲ್ಲುತ್ತಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿಸಿ ಬಂದವರು ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ, ಯಾವಾಗ ಕೂಗುತ್ತಾರೋ ಎಂದು ಬಾಗಿಲ ಕಡೆಗೇ ಕಿವಿಕೊಟ್ಟು ನಿಂತಿದ್ದಾರೆ.

ಹಿಂದಿನ ಅಡ್ಡರಸ್ತೆಯಲ್ಲಿ ನಮ್ಮಕ್ಕನ ಮನೆ. ನಡುಮನೆಯಲ್ಲಿ ಹಳೇ ಪೇಪರ್ ಹಾಸಿದೆ. ರಾತ್ರಿ ನೆನೆಹಾಕಿದ ಅವರೆಕಾಳು ದೊಡ್ಡ ಬೇಸಿನ್ನಿನಲ್ಲಿದೆ. ಸುತ್ತ ಕೂತವರು ಅಕ್ಕ, ಅಜ್ಜಿ, ದೊಡ್ಡಮ್ಮ, ಮತ್ತು ಮಲ್ಲೇಶ್ವರದಿಂದ ಬಂದ ಬೀಗರ ಕಡೆಯ ಇಬ್ಬರು. ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದವರು ‘ಅರ್ಧ ಗಂಟೆಯೂ ಆಗಲಿಲ್ಲ’ ಎಂದು ಹೇಳುತ್ತಲೇ ಬೇಳೆ ಹಿಸುಕಲು ಕೂತರು. ಮದುವೆ ಹುಡುಗಿಯೂ ಕೂತಿದ್ದಾಳೆ. ನಿಶ್ಚಿತಾರ್ಥದವರೆಗೆ ಅಕ್ಕನನ್ನು ‘ಆಂಟಿ’ ಅನ್ನುತ್ತಿದ್ದವಳು ಈಗ ‘ಅತ್ತೆ’ ಎಂದು ತಿದ್ದಿಕೊಳ್ಳುತ್ತಿದ್ದಾಳೆ. ಹುಡುಗ, ಅಂದರೆ ಅಕ್ಕನ ಮಗ, ನನ್ನ ಅಳಿಯ, ಫೋನನ್ನು ನೆಲದ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ನಕ್ಷೆ ತೆರೆದಿದ್ದಾನೆ. ದೊಡ್ಡಮ್ಮ ಹಿಸುಕಿದ ಬೇಳೆಯೊಂದು ಚಿಮ್ಮಿ ನಕ್ಷೆಯ ಮೇಲೆ ಬಿತ್ತು, ಸರಿಯಾಗಿ ಉಬುದ್ ಊರಿನ ಮೇಲೆ.

“ಇಲ್ಲೇ ಅಲ್ಲವೇನೋ ನೀವು ಹೋಗೋದು?” ಎಂದರು ದೊಡ್ಡಮ್ಮ, ಬೇಳೆ ಎತ್ತಿಕೊಳ್ಳುತ್ತಾ.

ಹೋಗುವುದು ಬಾಲಿಗೆ. ಇಂಡೊನೇಷ್ಯಾದ ಆ ದ್ವೀಪವನ್ನು ಈ ಮನೆಯಲ್ಲಿ ಯಾರೂ ನೋಡಿಲ್ಲ. ಹಾಗೆಂದು ಅದರ ಬಗ್ಗೆ ಅಭಿಪ್ರಾಯ ಇಲ್ಲದವರೂ ಇಲ್ಲ. ಮೊದಲು ಸ್ವಿಟ್ಜರ್‌ಲ್ಯಾಂಡ್ ಎಂದಿತ್ತು. ಷೆಂಗೆನ್ ವೀಸಾಕ್ಕೆ ತಲೆಗೆ 90 ಯೂರೊ ಶುಲ್ಕ, 30,000 ಯೂರೊಗೆ ಕಡಿಮೆಯಿಲ್ಲದ ವಿಮೆ, ಬ್ಯಾಂಕಿನ ಲೆಕ್ಕಪತ್ರ. ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆ ಹಂಚುವ ವಾರಗಳಲ್ಲಿ ಪಾಸ್‌ಪೋರ್ಟು ಇನ್ನೊಬ್ಬರ ಕೈಯಲ್ಲಿ. ಅದು ಬಿತ್ತು. ಆಮೇಲೆ ಮಾಲ್ಡೀವ್ಸ್. ನೀರಿನ ಮಧ್ಯೆ ಕಂಬದ ಮೇಲೆ ನಿಂತ ಕೋಣೆಗಳ ಚಿತ್ರ ನೋಡಿ ದೊಡ್ಡಮ್ಮ, “ಅಲ್ಲಿ ಹೋಗಿ ನೋಡೋದೇನನ್ನ? ಒಂದು ದೇವಸ್ಥಾನ ಬೇಡವೇ?” ಎಂದರು. ಹನಿಮೂನಿಗೆ ದೇವಸ್ಥಾನ ಬೇಕೋ ಬೇಡವೋ ಎಂದು ಹುಡುಗಿಯನ್ನು ಯಾರೂ ಕೇಳಲಿಲ್ಲ. ಬಾಲಿಯಲ್ಲಿ ದೇವಸ್ಥಾನಗಳು ಸಾವಿರಗಟ್ಟಲೆ ಇವೆ ಎಂದ ಕೂಡಲೇ ಮನೆ ಒಪ್ಪಿತು. ಬೆಂಗಳೂರಿನಿಂದ ನೇರ ವಿಮಾನ ಬೇರೆ ಇದೆ, 2024ರ ಮಾರ್ಚಿನಿಂದ.

ಈ ಮನೆಯ ಹನಿಮೂನ್ ಚರಿತ್ರೆ ಚಿಕ್ಕದು. ತಾತ ಅಜ್ಜಿ ಮದುವೆಯಾದ ಮೇಲೆ ಹೋದದ್ದು ತಿರುಪತಿಗೆ, ಜೊತೆಗೆ ಹದಿನಾಲ್ಕು ಜನ. ಅಕ್ಕ ಭಾವ ಹೋದದ್ದು ಊಟಿಗೆ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಬಾಡಿಗೆ ಟೋಪಿ ಹಾಕಿಕೊಂಡು ತೆಗೆಸಿದ ಫೋಟೊ ಇನ್ನೂ ಷೋಕೇಸಿನಲ್ಲಿದೆ. ಪರದೇಶ ಅನ್ನುವುದು ಸಿನಿಮಾ ಮಂದಿರದಲ್ಲಿ ನೋಡುವ ವಸ್ತುವಾಗಿತ್ತು. 1978ರಲ್ಲಿ ದ್ವಾರಕೀಶ್, ವಿಷ್ಣುವರ್ಧನ್ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಮಾಡಿದಾಗ ಭಾವ ಎರಡು ಸಲ ನೋಡಿದರಂತೆ, ಕಥೆಗಲ್ಲ, ಅಲ್ಲಿನ ರಸ್ತೆಗಳಿಗೆ. ಇಲ್ಲದಿದ್ದರೆ ಪುಸ್ತಕ. ತಾತನ ಕಪಾಟಿನಲ್ಲಿ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಒಂದರ ಪಕ್ಕ ಒಂದಿವೆ. ಬಾಲಿಯ ಮೇಲೆ ಏನೂ ಇಲ್ಲ. ಅದಕ್ಕೇ ಇರಬೇಕು, ತಾತ ಇಷ್ಟು ಹೊತ್ತೂ ಈಜಿಚೇರಿನಲ್ಲಿ ಒಂಟಿಕೊಪ್ಪಲ್ ಪಂಚಾಂಗ ಹಿಡಿದು ಮಾತಿಲ್ಲದೆ ಕೂತಿದ್ದರು. ‘ವೀಸಾಕ್ಕೆ ಐದು ಲಕ್ಷ’ ಎಂದು ಅಳಿಯ ಓದಿದ ಮೇಲೆ ಮಾತ್ರ ಕನ್ನಡಕ ಹಣೆಗೇರಿತು.

“ಎಷ್ಟು?”

“ಐದು ಲಕ್ಷ ತಾತ. ಒಬ್ಬೊಬ್ಬರಿಗೆ.”

ಬೇಳೆ ಹಿಸುಕುವ ಕೈಗಳೆಲ್ಲ ನಿಂತವು. ಬೀಗಿತ್ತಿ ತಮ್ಮ ಮಗಳ ಮುಖ ನೋಡಿದರು. ಅಳಿಯ ಇದನ್ನು ಬೇಕೆಂದೇ ಹಾಗೆ ಹೇಳಿದ್ದ. ಐದು ಲಕ್ಷ ನಿಜ, ಆದರೆ ಇಂಡೊನೇಷ್ಯಾದ ರುಪಿಯಾ. ನಮ್ಮ ದುಡ್ಡಿನಲ್ಲಿ ಮೂರು ಸಾವಿರದೊಳಗೆ. ಅಲ್ಲಿ ಇಳಿದ ಮೇಲೂ ಕೊಡಬಹುದು, ಇಲ್ಲೇ ಆನ್‌ಲೈನಿನಲ್ಲಿ ಕಟ್ಟಿಯೂ ಹೋಗಬಹುದು. 30 ದಿನ ಇರಬಹುದು. ಇದರ ಮೇಲೆ ಪ್ರವಾಸಿಗರ ತೆರಿಗೆ ಒಂದೂವರೆ ಲಕ್ಷ, 2024ರ ಫೆಬ್ರವರಿಯಿಂದ. ಅಂದರೆ ಎಂಟುನೂರು ಚಿಲ್ಲರೆ. ಅಲ್ಲಿ ಕಾಫಿ ಕುಡಿದರೂ ಬಿಲ್ಲು ಸಾವಿರಗಳಲ್ಲೇ ಬರುವುದು ಎಂದು ಕೇಳಿ ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

ಟಿಕೆಟ್ಟಿನ ಫಾರಂ ತುಂಬಲು ಕೂತಾಗ ಹೆಸರಿನ ತಕರಾರು ಶುರುವಾಯಿತು. ನಮ್ಮ ಕಡೆಯ ಹೆಸರಿಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಎಲ್ಲಿಂದ ಬರಬೇಕು? ಹುಡುಗನಿಗೆ ಎಚ್.ಎಸ್. ಇದೆ. ‘ಎಸ್’ ಭಾವನ ಹೆಸರು, ‘ಎಚ್’ ಹೊಳೆನರಸೀಪುರ. ತಾತ ಚಡ್ಡಿ ಹಾಕುವ ವಯಸ್ಸಿನಲ್ಲೇ ಬಿಟ್ಟುಬಂದ ಊರು. ಅಲ್ಲೀಗ ಇವರಿಗೆ ಮನೆಯೂ ಇಲ್ಲ, ಗದ್ದೆಯೂ ಇಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ ಸರ್‌ನೇಮಿನ ಜಾಗದಲ್ಲಿ ಹೊಳೆನರಸೀಪುರವೇ ಕೂತಿದೆ. ಬಾಲಿಯ ಹೋಟೆಲಿನವರು ಬಾಗಿಲಲ್ಲಿ ಕೈಮುಗಿದು ‘ಮಿಸ್ಟರ್ ಹೊಳೆನರಸೀಪುರ’ ಎಂದು ಬರಮಾಡಿಕೊಳ್ಳುವುದು ಖಂಡಿತ. ಹುಡುಗಿಯದು ಇದಕ್ಕೆ ಉಲ್ಟಾ. ಅವಳ ಪಾಸ್‌ಪೋರ್ಟಿನಲ್ಲಿರುವುದು ಒಂದೇ ಹೆಸರು; ಸರ್‌ನೇಮಿನ ಜಾಗ ಖಾಲಿ. ವಿಮಾನದ ಫಾರಂ ಖಾಲಿ ಬಿಡಲು ಒಪ್ಪುವುದಿಲ್ಲ. ಹಾಗಾಗಿ ಅದೇ ಹೆಸರನ್ನು ಎರಡು ಸಲ ಬರೆದದ್ದಾಯಿತು. ದುಬೈ ಪಟ್ಟಿಗೇ ಬರದಿದ್ದುದಕ್ಕೆ ಇದೂ ಒಂದು ಕಾರಣ: ಒಂಟಿ ಹೆಸರಿನ ಪಾಸ್‌ಪೋರ್ಟಿಗೆ 2022ರ ನವೆಂಬರಿನಿಂದ ಅಲ್ಲಿ ತಕರಾರಿದೆ. “ಮದುವೆ ಆದ ಮೇಲೆ ಗಂಡನ ಹೆಸರು ಸೇರಿಸಿಕೋಬೇಕಲ್ಲಮ್ಮ?” ಎಂದರು ದೊಡ್ಡಮ್ಮ. ಸೇರಿಸಲೇಬೇಕೆಂದೇನೂ ಇಲ್ಲ, ಸೇರಿಸಲು ಹೊರಟರೆ ಟಿಕೆಟ್ಟಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗದೆ ಏರ್‌ಪೋರ್ಟಿನಲ್ಲೇ ನಿಲ್ಲಬೇಕಾಗುತ್ತದೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ದೊಡ್ಡಮ್ಮ ಬೇಳೆಗೆ ಮರಳಿದರು.

ನಿಜವಾದ ಪೇಚು ಬಂದದ್ದು ತಾರೀಖಿನಲ್ಲಿ. ಮದುವೆ ಮಾರ್ಚ್ ಮೊದಲ ವಾರ, ಫಾಲ್ಗುಣದಲ್ಲಿ. ಮುಂದಕ್ಕೆ ಹಾಕುವ ಹಾಗಿರಲಿಲ್ಲ; ಈ ಸಲ ಅಧಿಕ ಜ್ಯೇಷ್ಠ ಬಂದು ಮೇ 17ರಿಂದ ಜೂನ್ 15ರವರೆಗೆ ಮುಹೂರ್ತವೇ ಇಲ್ಲ, ಜುಲೈ ಮಧ್ಯದಿಂದ ಆಷಾಢ. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕು, ಗಂಡ ಹೆಂಡತಿ ಬೇರೆ ಬೇರೆ ಇರಬೇಕು. ಬಸವನಗುಡಿಗೂ ಮಲ್ಲೇಶ್ವರಕ್ಕೂ ಮೆಟ್ರೊ ಬಂದ ಮೇಲೆ ಈ ಕಟ್ಟುಪಾಡು ಎಷ್ಟು ನಡೆಯುತ್ತದೋ ಕಾಣೆ. ಅಂತೂ ಮದುವೆ, ಬೀಗರೂಟ, ಸತ್ಯನಾರಾಯಣ ಪೂಜೆ, ಕುಲದೇವರ ದರ್ಶನ ಎಲ್ಲ ಮುಗಿಯುವಷ್ಟರಲ್ಲಿ ಮಾರ್ಚ್ 14 ಆಗುತ್ತದೆ. ಅಂದು ಹೊರಟು 19ಕ್ಕೆ ವಾಪಸಾಗುವುದೆಂದು ಅಳಿಯನ ಲೆಕ್ಕ. 19ಕ್ಕೆ ಹುಡುಕಿದರೆ ಒಂದು ವಿಮಾನವೂ ಇಲ್ಲ. ಇನ್ನೊಂದು ಆ್ಯಪ್ ತೆರೆದ, ಅದರಲ್ಲೂ ಇಲ್ಲ. ಬೇರೆ ಊರಿನ ಮೇಲೆ ಬರುವುದಕ್ಕೂ ಇಲ್ಲ.

“ಯಾವತ್ತು ಅಂದೆ?” ಈಜಿಚೇರಿನಿಂದ ಪ್ರಶ್ನೆ ಬಂತು. ಹಾಳೆ ಮಗುಚಿದ ಸದ್ದು. “ಗುರುವಾರ ಹತ್ತೊಂಬತ್ತು. ಅವತ್ತು ಯುಗಾದಿ ಕಣೋ.”

“ತಾತ, ಯುಗಾದಿಗೆ ಬಾಲಿಯಲ್ಲಿ ಯಾಕೆ ವಿಮಾನ ನಿಲ್ಲಿಸ್ತಾರೆ?” ಎಂದು ಅಳಿಯ ನಕ್ಕ. ಹುಡುಗಿ ಅಷ್ಟರಲ್ಲಿ ತನ್ನ ಫೋನಿನಲ್ಲಿ ಹುಡುಕಿದ್ದಳು. ಅವಳು ನಗಲಿಲ್ಲ. “ಯುಗಾದಿಗೇ ನಿಲ್ಲಿಸ್ತಾರೆ” ಎಂದಳು.

ಬಾಲಿಯವರ ಹೊಸ ವರ್ಷ, ನ್ಯೆಪಿ. 2026ರಲ್ಲಿ ಅದೂ ಮಾರ್ಚ್ 19ಕ್ಕೆ ಬಿದ್ದಿದೆ. ಅವತ್ತು ಬೆಳಿಗ್ಗೆ ಆರರಿಂದ ಮಾರನೆಯ ಬೆಳಿಗ್ಗೆ ಆರರವರೆಗೆ ಇಡೀ ದ್ವೀಪ ಮೌನ ಹಿಡಿಯುತ್ತದೆ. ಬೆಂಕಿ ಹಚ್ಚುವಂತಿಲ್ಲ, ದೀಪ ಉರಿಸುವಂತಿಲ್ಲ, ಕೆಲಸವಿಲ್ಲ, ಮನರಂಜನೆಯಿಲ್ಲ, ಹೊಸಿಲು ದಾಟುವಂತಿಲ್ಲ. ವಿಮಾನ ನಿಲ್ದಾಣಕ್ಕೇ ಬೀಗ. ರಸ್ತೆಯಲ್ಲಿ ಓಡಾಡುವವರು ಊರ ಕಾವಲಿನ ಪೆಚಲಾಂಗ್‌ಗಳು ಮಾತ್ರ. ಪ್ರವಾಸಿ ಬೀದಿಗಿಳಿದರೆ ಅವನನ್ನೂ ಹೋಟೆಲಿಗೆ ಅಟ್ಟುತ್ತಾರೆ. ಅದರ ಹಿಂದಿನ ರಾತ್ರಿಯದು ಇನ್ನೊಂದೇ ಲೋಕ. ಒಗೊಹ್-ಒಗೊಹ್ ಎಂಬ ಆಳೆತ್ತರಕ್ಕೂ ಮೀರಿದ ರಾಕ್ಷಸ ಬೊಂಬೆಗಳನ್ನು, ಕೋರೆಹಲ್ಲು, ಮಿಡುಕುವ ಕಣ್ಣು, ಕೆದರಿದ ಕೂದಲಿನ ಸಮೇತ, ಬಿದಿರ ಚೌಕಟ್ಟಿನ ಮೇಲೆ ಹೊತ್ತು ತಮಟೆ ತಾಳದ ಗದ್ದಲದಲ್ಲಿ ಕುಣಿಸಿ ಕೊನೆಗೆ ಸುಡುತ್ತಾರೆ. ಹುಡುಗಿ ವಿಡಿಯೊ ಹಾಕಿದಳು. ಅಜ್ಜಿ ನೋಡಿ, “ನಮ್ಮ ಮಾರಿಗೊಂಬೆ ಇದ್ದ ಹಾಗಿದೆಯಲ್ಲೇ” ಎಂದರು.

ತಾತ ಕೇಳಿದ್ದು ಬೇರೆ: “ಅವರದು ಯಾವ ಶಕೆ?”

ಶಕ 1948 ಎಂದಿತ್ತು. ತಾತ ಪಂಚಾಂಗದ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಪರಾಭವ ಸಂವತ್ಸರ, ಶಾಲಿವಾಹನ ಶಕೆ 1948. ಅಷ್ಟು ದೂರದ ಸಮುದ್ರದಾಚೆಯ ಊರಿನಲ್ಲಿ ತಮ್ಮ ಲೆಕ್ಕವೇ ನಡೆಯುತ್ತಿದೆ ಎಂದು ತಿಳಿದ ಆ ಕ್ಷಣದಿಂದ ಹನಿಮೂನು ತಾತನದಾಯಿತು. ಪ್ರತಿ ವರ್ಷ ಹೀಗೆ ಒಂದೇ ದಿನಕ್ಕೆ ಬೀಳುವುದಿಲ್ಲ. ಕಳೆದ ವರ್ಷ ನ್ಯೆಪಿ ಮಾರ್ಚ್ 29ಕ್ಕೆ, ನಮ್ಮ ಯುಗಾದಿ 30ಕ್ಕೆ. ಅದರ ಹಿಂದಿನ ವರ್ಷ ನ್ಯೆಪಿ ಮಾರ್ಚ್ 11ಕ್ಕೇ ಆಗಿ ನಮ್ಮದು ಏಪ್ರಿಲ್ 9ಕ್ಕೆ ಬಂದಿತ್ತು. ಅಧಿಕಮಾಸ ಸೇರಿಸುವ ಕ್ರಮದಲ್ಲಿ ವ್ಯತ್ಯಾಸವಿರಬೇಕು ಎಂದು ತಾತ ತೀರ್ಪು ಕೊಟ್ಟು ಪೆನ್ಸಿಲ್ ಕೇಳಿದರು.

ಈಗ ಎರಡು ದಾರಿ. ಹದಿನೆಂಟಕ್ಕೇ ಹೊರಟು ಹಬ್ಬಕ್ಕೆ ಮನೆ ಸೇರುವುದು. ಇಲ್ಲವೇ ಅಲ್ಲೇ ಉಳಿದು 21ಕ್ಕೆ ಬರುವುದು. ಅಕ್ಕ ಮೊದಲನೆಯದರ ಕಡೆ. ಹೊಸ ಸೊಸೆಯ ಮೊದಲ ಯುಗಾದಿ, ಎಣ್ಣೆ ನೀರು ಹಾಕಿ ಹೊಸ ಸೀರೆ ಕೊಟ್ಟು ಒಬ್ಬಟ್ಟು ಬಡಿಸಬೇಡವೇ? ಬೀಗಿತ್ತಿಗೂ ಹಬ್ಬದ ಮಧ್ಯಾಹ್ನ ಅಳಿಯನನ್ನು ಮಲ್ಲೇಶ್ವರಕ್ಕೆ ಕರೆಯುವ ಆಸೆ. ಹುಡುಗಿ ಏನೂ ವಾದಿಸಲಿಲ್ಲ. ಪರದೆಯ ಮೇಲಿದ್ದ ಒಂದು ಸಾಲನ್ನು ಓದಿದಳು, ಅಷ್ಟೆ: ಆ ದಿನ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ, 2018ರಿಂದ ಇದೇ ಕ್ರಮ. ಅಳಿಯ ಅವಳ ಮುಖ ನೋಡಿದ. ವಾಟ್ಸ್‌ಆ್ಯಪಿಲ್ಲದ, ‘ತಿಂಡಿ ಆಯ್ತಾ’ ಎಂಬ ವಿಡಿಯೊ ಕಾಲಿಲ್ಲದ, ಯಾರೂ ಬಾಗಿಲು ತಟ್ಟಲಾಗದ ಇಪ್ಪತ್ತನಾಲ್ಕು ಗಂಟೆ. ಅಲ್ಲಿಯವರೆಗೆ ಈ ಯೋಜನೆಯಲ್ಲಿ ಅವರಿಬ್ಬರಿಗೆಂದೇ ಉಳಿದದ್ದು ಅದೊಂದೇ ಎಂದು ನನಗೆ ಅನ್ನಿಸಿತು. ಹೋಟೆಲುಗಳ ವೈಫೈ ಸಾಮಾನ್ಯವಾಗಿ ನಡೆಯುತ್ತದೆ ಎಂದು ಅದೇ ಪುಟದ ಕೆಳಗಿತ್ತು. ಅದನ್ನು ಅವಳು ಓದಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಕಗ್ಗಂಟು ಬಿಡಿಸಿದ್ದು ಅಜ್ಜಿ. “ಅಲ್ಲೂ ಯುಗಾದೀನೇ ತಾನೇ? ಇರಲಿ ಬಿಡಿ. ಬೇವಿನ ಹೂವು ಒಣಗಿಸಿ ಬೆಲ್ಲದ ಜೊತೆ ಪೊಟ್ಟಣ ಕಟ್ಟಿ ಕಳಿಸೋಣ.” ಅಜ್ಜಿಯ ಮಾತಿಗೆ ಈ ಮನೆಯಲ್ಲಿ ಮೇಲ್ಮನವಿ ಇಲ್ಲ. ಅಕ್ಕ ತಟ್ಟನೆ ಪೊಟ್ಟಣದಿಂದ ಸಾಮಾನಿನ ಪಟ್ಟಿಗೆ ಹಾರಿದಳು. ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಿಂದ ಹುರಿಗಾಳು, ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. 1948ರಿಂದ ಇರುವ ಆ ಅಂಗಡಿಯ ಎಷ್ಟು ಪೊಟ್ಟಣ ಸಮುದ್ರ ದಾಟಿವೆಯೋ. ಗೊಜ್ಜಿನ ವಿಷಯದಲ್ಲಿ ನಾನೂ ಅಕ್ಕನ ಕಡೆಯೇ. ಬಾಲಿಯಲ್ಲಿ ಅನ್ನ ಧಾರಾಳ, ಟೆಂಪೆ ಎಂಬ ಸೋಯಾಕಾಳಿನ ಬಿಲ್ಲೆಯೂ ಸಿಗುತ್ತದೆ. ಆದರೆ ತರಕಾರಿ ಊಟ ಎಂದು ತಂದಿಟ್ಟ ತಟ್ಟೆಯ ಸಂಬಲ್ ಚಟ್ನಿಯಲ್ಲಿ ಸೀಗಡಿಯ ಹುದುಗು, ಅಂದರೆ ತೆರಾಸಿ, ಅರೆದಿರುವುದು ಅಲ್ಲಿ ಮಾಮೂಲು. “ತೆರಾಸಿ ಬೇಡ” ಎಂದು ಕೇಳಿ ತಿನ್ನಬೇಕು. ಒಣಕೊಬ್ಬರಿ ಗಿಟುಕನ್ನು ಮಾತ್ರ ಅಳಿಯ ಪಟ್ಟಿಯಿಂದ ಹೊಡೆದುಹಾಕಿದ. ಎಣ್ಣೆಯಂಶದಿಂದ ಹೊತ್ತಿಕೊಳ್ಳುವ ಪದಾರ್ಥವೆಂದು ಅದನ್ನು ಚೆಕ್-ಇನ್ ಲಗೇಜಿಗೆ ಸೇರಿಸುವುದಿಲ್ಲ.

ಟಿಕೆಟ್ಟು 21ನೇ ತಾರೀಖು ಶನಿವಾರಕ್ಕೆ ಗಟ್ಟಿಯಾಯಿತು. ತಾತನ ಪೆನ್ಸಿಲ್ ಮತ್ತೆ ಮೇಲೆದ್ದಿತು. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ ಅನ್ನುವುದು ಆರಕ್ಕೆ ಸೂರ್ಯ ಹುಟ್ಟಿದರೆ ಮಾತ್ರ. ಅಲ್ಲಿ ಸೂರ್ಯೋದಯ ಎಷ್ಟಕ್ಕೆ? ಅಳಿಯ ಹುಡುಕಿ ಹೇಳಿದ: ಆರು ಇಪ್ಪತ್ತರ ಆಸುಪಾಸು. ನಮ್ಮಲ್ಲೂ ಅವತ್ತು ಹೆಚ್ಚುಕಡಿಮೆ ಅಷ್ಟೇ. ವಿಷುವದ ದಿನಗಳು, ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ ಅಷ್ಟೆ. ತಾತ ಲಗ್ನಪತ್ರಿಕೆಯ ಸ್ಯಾಂಪಲ್ಲಿನ ಬೆನ್ನಿಗೆ ಹಗಲನ್ನು ಎಂಟು ಪಾಲು ಮಾಡಿ ಮೂರನೆಯದಕ್ಕೆ ಗೆರೆ ಎಳೆದರು.

“ಒಂಬತ್ತು ಇಪ್ಪತ್ತಕ್ಕೆ ಮುಂಚೆ ರೂಮು ಬಿಟ್ಟಿರಬೇಕು.”

“ತಾತ, ಹೋಟೆಲಿನಲ್ಲಿ ತಿಂಡಿ ಹತ್ತೂವರೆವರೆಗೆ ಇರುತ್ತೆ” ಎಂದಳು ಹುಡುಗಿ.

ತಾತ ಒಂದು ನಿಮಿಷ ಯೋಚಿಸಿದರು. “ಹಾಗಾದ್ರೆ ಸೂಟ್‌ಕೇಸು ಮಾತ್ರ ಒಂಬತ್ತು ಇಪ್ಪತ್ತರೊಳಗೆ ಹೊಸಿಲು ದಾಟಿಸಿಬಿಡಮ್ಮ. ಆಮೇಲೆ ನಿಧಾನವಾಗಿ ತಿನ್ನಿ.”